ಠಕ್ಕ ಮುಚ್ಚಿಟ್ಟದ್ದು

ಮೊಬೈಲಿನಲ್ಲಿ ಒಂದು ರೀಲ್ಸ್ ಓಡುತ್ತದೆ. ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ. ಮೊಮ್ಮಗ ಏನೋ ಕೀಟಲೆ ಮಾಡುತ್ತಾನೆ. ಅಜ್ಜಿ ತಲೆ ಎತ್ತದೆ ಒಂದೇ ಮಾತಿಗೆ ಅವನ ಬಾಯಿ ಮುಚ್ಚಿಸುತ್ತಾಳೆ. ಅಲ್ಲಿಗೆ ಚಿತ್ರ ನಿಂತು, ಮೇಲಿಂದ ಕಪ್ಪು ಕನ್ನಡಕ ತೇಲಿ ಬಂದು ಅಜ್ಜಿಯ ಮೂಗಿನ ಮೇಲೆ ಕೂರುತ್ತದೆ, ಕೆಳಗೆ ದಪ್ಪಕ್ಷರದಲ್ಲಿ 'ಥಗ್ ಲೈಫ್'. ಬೆರಳು ಎರಡು ಸಲ ಸರಿಸಿದರೆ ಇನ್ನೊಂದು ಸುದ್ದಿ: 'ಪೊಲೀಸರ ಸೋಗಿನಲ್ಲಿ ಬಂದು ವೃದ್ಧೆಯ ಸರ ಎಗರಿಸಿದ ಠಕ್ಕರು'. ನೋಡುವವರಿಗೆ ಇವು ಎರಡು ಬೇರೆ ಬೇರೆ ಪದ. ಒಂದು ಅಮೆರಿಕದ ರ‍್ಯಾಪ್ ಹಾಡಿನಿಂದ ಬಂದದ್ದು, ಇನ್ನೊಂದು ಪೇಪರಿನವರು ಶೀರ್ಷಿಕೆಯಲ್ಲಿ ಜಾಗ ಸಾಲದಾಗ ಬಳಸುವ ಎರಡಕ್ಷರ. ನಿಜದಲ್ಲಿ ಅವು ಒಂದೇ ಪದ, ಬೇರೆ ಬೇರೆ ಮನೆಯಲ್ಲಿ ಬೆಳೆದಿವೆ ಅಷ್ಟೆ.

ಕಾಡುವುದು ಅವು ಬೆಳೆದ ರೀತಿ. ಇಂಗ್ಲಿಷಿನಲ್ಲಿ ಥಗ್ ಅಂದರೆ ತೋಳು ತಿರುವುವ ಪುಂಡ, ಗೂಂಡಾ. ಅವನಿಗೆ ಬುದ್ಧಿ ಇರಬೇಕಾಗಿಲ್ಲ, ಮುಷ್ಟಿ ಇದ್ದರೆ ಸಾಕು. ಕನ್ನಡದಲ್ಲಿ ಒಬ್ಬನನ್ನು ಠಕ್ಕ ಅಂದರೆ ಅವನ ಕೈಯಲ್ಲಿ ಮಚ್ಚಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಮಕ್ಕಳ ಕಥೆಯ ನರಿ ಠಕ್ಕ, ಸೀಮಂತ ಮನೆಯಲ್ಲಿ ಎರಡು ಸಲ ಊಟಕ್ಕೆ ಕೂರುವ ದೂರದ ನೆಂಟ ಠಕ್ಕ, ಕಾವಿ ತೊಟ್ಟು ಮಂತ್ರಿಸಿದ ತಾಯಿತ ಮಾರುವವನೂ ಠಕ್ಕ. ಹುಲಿ ಮಾತ್ರ ಎಂದೂ ಠಕ್ಕ ಆಗುವುದಿಲ್ಲ. ಬಲ ಇರುವವನಿಗೆ ಈ ಪದ ಒಗ್ಗುವುದೇ ಇಲ್ಲ. ಒಂದೇ ಬೇರಿನಿಂದ ಒಂದು ಕಡೆ ಬಲ, ಇನ್ನೊಂದು ಕಡೆ ಯುಕ್ತಿ ಬೆಳೆದದ್ದು ಹೇಗೆ?

ಠಾಣೆ, ಠಕ್ಕ ಮತ್ತು ಸ್ಥಗಿತ

ಠಕಾರದಿಂದ ಶುರುವಾಗುವ ಕನ್ನಡ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ: ಠಾಣೆ, ಠೇವಣಿ, ಠರಾವು, ಠಿಕಾಣಿ. ಹೆಚ್ಚಿನವು ಕೋರ್ಟು ಕಚೇರಿಯ ವಾಸನೆಯವು, ಹೊರಗಿನಿಂದ ಬಂದವು. 'ಠಣ್' ಎನ್ನುವಂಥ ಸದ್ದುಗಳನ್ನು ಬಿಟ್ಟರೆ ಠ ನಮ್ಮ ಪದಗಳ ಮೊದಲಲ್ಲಿ ಬರುವ ಅಕ್ಷರವೇ ಅಲ್ಲ. ಅದಕ್ಕೇ ಎಷ್ಟೋ ಜನರ ಬಾಯಲ್ಲಿ ಠಕ್ಕ 'ಟಕ್ಕ' ಆಗುತ್ತಾನೆ, ಹಾಗೆ ಬರೆಯುವವರೂ ಇದ್ದಾರೆ. ಠಾಣೆ ಸಂಸ್ಕೃತದ ಸ್ಥಾನ. ಪ್ರಾಕೃತದಲ್ಲಿ 'ಸ್ಥ' ಎನ್ನುವ ಕೂಡಕ್ಷರ ಸವೆದು 'ಠ' ಆಯಿತು, ಸ್ಥಾನ ಠಾಣ ಆಯಿತು. ಇದೇ ಗಾಣದಲ್ಲಿ ಸಿಕ್ಕ ಇನ್ನೊಂದು ಪದ 'ಸ್ಥಗ', ಅದು 'ಠಗ' ಆಯಿತು. ಕನ್ನಡ ಗಕಾರವನ್ನು ಒತ್ತಿ ಠಕ್ಕ ಮಾಡಿಕೊಂಡಿತು, ಆಮೇಲೆ ಠಕ್ಕು, ಠಕ್ಕುತನ ಎಲ್ಲ ಹುಟ್ಟಿದವು. ಅಂದರೆ ಪೊಲೀಸ್ ಠಾಣೆಯೂ ಅಲ್ಲಿಗೆ ಎಳೆದುಕೊಂಡು ಬರುವ ಠಕ್ಕನೂ ಒಂದೇ ಹಾದಿಯಲ್ಲಿ ನಡೆದು ಬಂದವು. ಬೇರು ಮಾತ್ರ ಬೇರೆ: ಸ್ಥಾನದ್ದು 'ನಿಲ್ಲು' ಎನ್ನುವ ಧಾತು, ಸ್ಥಗದ್ದು 'ಮುಚ್ಚು, ಹೊದಿಸು, ಮರೆಮಾಡು' ಎನ್ನುವ ಧಾತು.

ಠಕ್ಕನ ಬೇರಿನಲ್ಲಿ ಕದಿಯುವುದಿಲ್ಲ, ಕೊಲ್ಲುವುದಂತೂ ಇಲ್ಲ. ಇರುವುದು ಮುಚ್ಚುವುದು. ಈ ಧಾತುವಿನ ಇನ್ನೊಂದು ಕೂಸು ದಿನಾ ನಮ್ಮ ಕಣ್ಣಿಗೆ ಬೀಳುತ್ತದೆ: 'ಸ್ಥಗಿತ'. ಮೇಲ್ಸೇತುವೆ ಕಾಮಗಾರಿ ಸ್ಥಗಿತ, ಮಳೆಗೆ ರೈಲು ಸಂಚಾರ ಸ್ಥಗಿತ. ಸಂಸ್ಕೃತದಲ್ಲಿ ಸ್ಥಗಿತ ಎಂದರೆ ಮುಚ್ಚಿದ್ದು, ಮರೆಯಾದದ್ದು. ಬಾಗಿಲು ಮುಚ್ಚಿದರೆ ಓಡಾಟ ನಿಲ್ಲುತ್ತದೆ, ಮುಚ್ಚಿದ್ದು ನಿಂತದ್ದಾಗಿ ಅರ್ಥ ಸರಿದದ್ದು ಹೀಗೇ ಇರಬೇಕು. ನೆಂಟರು ಇನ್ನೂ ದೂರದಲ್ಲಿದ್ದಾರೆ. ಲ್ಯಾಟಿನ್ನಿನ 'ಟೆಗೆರೆ' ಎಂದರೂ ಮುಚ್ಚು, ಅದೂ ಇದೇ ಬೇರಿನದು. ಅದರಿಂದ ಪ್ರೊಟೆಕ್ಷನ್ ಬಂತು, ಎದುರಿನಿಂದ ಹೊದಿಸುವುದು. ಡಿಟೆಕ್ಟಿವ್ ಬಂದ, ಹೊದಿಕೆ ತೆಗೆಯುವವ. ಹುಲ್ಲಿನ ಮಾಡಿಗೆ ಇಂಗ್ಲಿಷಿನವರು ಅನ್ನುವ 'ಥ್ಯಾಚ್' ಕೂಡ ಇದೇ ಕುಲ. ಮುಚ್ಚುವ ಠಕ್ಕ, ಮುಚ್ಚಳ ತೆಗೆಯುವ ಡಿಟೆಕ್ಟಿವ್ ದಾಯಾದಿಗಳು ಎನ್ನುವುದು ನನಗೆ ಇಡೀ ನಿಘಂಟಿನಲ್ಲಿ ಕಂಡ ಅತ್ಯಂತ ಖುಷಿಯ ಸಂಗತಿ.

ಅಕ್ಕಪಕ್ಕದ ಪದಗಳ ಜೊತೆ ಇಟ್ಟರೆ ಇದರ ವಿಶೇಷ ತಿಳಿಯುತ್ತದೆ. ಮೋಸ ಸಂಸ್ಕೃತದ 'ಮೋಷ', ಮೂಲದಲ್ಲಿ ಕಳ್ಳತನ. ಅದೇ ಧಾತುವಿನಿಂದಲೇ ಮೂಷಿಕ ಎಂದು ಹಳೆಯ ವೈಯಾಕರಣರು ಹೇಳುತ್ತಾರೆ, ಇಲಿಗೆ ಒಪ್ಪುವ ಮಾತೇ. ವಂಚನೆಯ ಮೂಲ ಸೊಟ್ಟ ನಡಿಗೆ. ಕ್ರೈಂ ವರದಿಗಾರರ ಮುದ್ದಿನ 'ಖದೀಮ' ಅರಬ್ಬಿಯ ಹಳಬ, ಪಳಗಿದವ. ನಮ್ಮದೇ 'ಕಳ್ಳ'ನಿಗೆ ಎರಡು ಮುಖ. ಒಂಟಿಯಾಗಿ ಬಂದರೆ ಕದಿಯುವವ, ಇನ್ನೊಂದು ಪದಕ್ಕೆ ಅಂಟಿದರೆ ಸುಳ್ಳು, ಮರೆ. ಕಳ್ಳನೋಟು, ಕಳ್ಳನಿದ್ದೆ, ಕಳ್ಳದಾರಿ ಇವುಗಳಲ್ಲಿ ಯಾರೂ ಏನನ್ನೂ ಕದ್ದಿಲ್ಲ. ಇನ್ನು ನುಡಿಗಟ್ಟಿಗೆ ಬಂದರೆ ಕನ್ನಡಕ್ಕೆ ಮೋಸ ಎನ್ನುವುದು ಹೆಚ್ಚುಕಡಿಮೆ ಯಾವಾಗಲೂ ಕಣ್ಣಿನ, ತಲೆಯ ವ್ಯವಹಾರ. ಕಣ್ಕಟ್ಟು, ಕಣ್ಣಿಗೆ ಮಣ್ಣೆರಚುವುದು, ಮಂಕುಬೂದಿ ಎರಚುವುದು, ಟೋಪಿ ಹಾಕುವುದು. ಎಲ್ಲದರಲ್ಲೂ ಏನೋ ಒಂದನ್ನು ಮೇಲೆ ಹೊದಿಸಬೇಕು. (ನಾಮ ಹಾಕುವುದು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಮೋಸ ಮುಗಿದ ಮೇಲೆ ಹಣೆಯ ಮೇಲೆ ಉಳಿಯುವ ರಸೀದಿ.) ಪರದೇಶಿ ಠಕ್ಕ ಇಲ್ಲಿ ಸಲೀಸಾಗಿ ನೆಲೆ ಕಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಬೆಂಗಳೂರಿನ ಹತ್ತಿರ ಸಿಕ್ಕ ನೂರು ಜನ

ಇಂಗ್ಲಿಷರ ಥಗ್ ಕಥೆ, ಅಂದರೆ ಪ್ರಯಾಣಿಕರ ಜೊತೆ ಸೇರಿ, ನಂಬಿಸಿ, ಕುತ್ತಿಗೆ ಬಿಗಿದು ದೋಚುವ ಗುಂಪುಗಳ ಕಥೆ ಎಂದರೆ ಎಲ್ಲರಿಗೂ ನೆನಪಾಗುವುದು ನರ್ಮದೆಯ ಕಡೆಯ ಕಾಡುದಾರಿ, ಜಬಲ್‌ಪುರ, ಅವರನ್ನು ಬೇಟೆಯಾಡಿದ ಅಧಿಕಾರಿ ಕರ್ನಲ್ ಸ್ಲೀಮನ್. ಆದರೆ ಈಸ್ಟ್ ಇಂಡಿಯಾ ಕಂಪನಿಯವರ ಕೈಗೆ ಇಂಥವರ ದೊಡ್ಡ ಗುಂಪು ಮೊದಲು ಬಿದ್ದದ್ದು ನಮ್ಮಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಸಿಕ್ಕಿಬಿದ್ದರು. ಅವರದ್ದು ವಂಶಪಾರಂಪರ್ಯವಾಗಿ ನಡೆದುಬಂದ ಕಸುಬು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಕೆಲವು ವರ್ಷಗಳ ನಂತರ, ಚಿತ್ತೂರು ಆರ್ಕಾಟು ಸೀಮೆಯಲ್ಲಿ ಇನ್ನಷ್ಟು ಜನ ಸಿಕ್ಕಾಗ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಅವರ ಬಗ್ಗೆ ವಿವರವಾಗಿ ಬರೆದ. ಗುಂಪಿನಲ್ಲಿ ಹತ್ತರಿಂದ ಐವತ್ತು ಜನ, ದಾರಿಯಲ್ಲಿ ಚಿಕ್ಕ ಚಿಕ್ಕ ತಂಡವಾಗಿ ಒಡೆದು ಒಬ್ಬರನ್ನೊಬ್ಬರು ಅರಿಯದವರಂತೆ ನಡೆಯುವುದು, ಒಬ್ಬ ಪ್ರಯಾಣಿಕನಿಗೆ ಸಾಮಾನ್ಯವಾಗಿ ಮೂವರು, ಎಲ್ಲವೂ ಅದರಲ್ಲಿದೆ.

ನನಗೆ ಬೇಕಾದದ್ದು ಅವನು ಕೊಟ್ಟ ಹೆಸರುಗಳ ಪಟ್ಟಿ. ತಮಿಳಿನಲ್ಲಿ ಇವರಿಗೆ ಹೀಗೆನ್ನುತ್ತಾರೆ, ತೆಲುಗಿನಲ್ಲಿ ಹೀಗೆ ಎನ್ನುತ್ತ ಕನ್ನಡದ್ದನ್ನೂ ಬರೆದಿದ್ದಾನೆ: 'ತಂತಿ ಕಳ್ಳರು'. ತಂತಿಯ ಅಥವಾ ನರದ ಉರುಳು ಹಾಕುವ ಕಳ್ಳರು. ತೆಂಕಣ ಸೀಮೆಯ ಇಂಗ್ಲಿಷರ ಬಾಯಲ್ಲಿ ಅವರು 'ಫಾನ್ಸಿಗಾರ್', ಅದೂ ಉರುಳಿನವರೇ. ಉತ್ತರ ಕರ್ನಾಟಕದಲ್ಲಿ ಗಲ್ಲಿಗೆ 'ಫಾಶಿ' ಅನ್ನುತ್ತೇವಲ್ಲ, ಅದೇ ಪದ, ಹಿಂದಿರುವುದು ಸಂಸ್ಕೃತದ ಪಾಶ. ಇಲ್ಲಿಯ ಜನ ಕೊಲೆಗಾರನಿಗೆ ಅವನ ಕೈಯ ಹತಾರದಿಂದ ಹೆಸರಿಟ್ಟರು. ಉತ್ತರದ ಜನ ಅವನ ನಾಲಿಗೆಯಿಂದ ಹೆಸರಿಟ್ಟರು: ಠಗ್, ನಂಬಿಸಿ ಕೆಡಿಸುವವ. ಕನ್ನಡದಲ್ಲಿ ತಂತಿ ಕಳ್ಳ ಬೇರೆ, ಠಕ್ಕ ಬೇರೆ ಎಂದೇ ಉಳಿಯಿತು. ನಮ್ಮ ಠಕ್ಕನ ಕೈಗೆ ರಕ್ತ ಅಂಟದೆ ಇದ್ದದ್ದು ಹೀಗೆ. ತಂತಿ ಕಳ್ಳ ಎನ್ನುವ ಪದ ಹೇಳಹೆಸರಿಲ್ಲದೆ ಹೋಯಿತು. ಈಗ ಆ ಮಾತು ಕೇಳಿದರೆ ನೆನಪಾಗುವುದು ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿಕೊಂಡು ಹೋಗುವವರು.

'ಇನ್ನೇನು ಬೆಳಗಾಗುತ್ತೆ, ಹೊರಡಿ'

ಉತ್ತರದ ಹೆಸರೇ ಕಸುಬಿಗೆ ಹೆಚ್ಚು ಸರಿ ಎನ್ನುವುದು ಅವರ ಕೆಲಸದ ಹಂಚಿಕೆ ನೋಡಿದರೆ ಗೊತ್ತಾಗುತ್ತದೆ. ಸ್ಲೀಮನ್ 1836ರಲ್ಲಿ ಅವರ ಗುಪ್ತಭಾಷೆಯ ಪದಕೋಶವನ್ನೇ ಅಚ್ಚು ಹಾಕಿಸಿದ. ಅದರಲ್ಲಿ ಕುತ್ತಿಗೆಗೆ ಬಟ್ಟೆ ಬಿಗಿಯುವವ 'ಭುರ್ತೋತೆ', ಕೈ ಹಿಡಿಯುವವ 'ಶುಮ್ಸಿಯಾ', ಗುಂಡಿ ತೋಡುವವ 'ಲುಘಾ'. ಕೆಲಸ ಶುರುಮಾಡಲು ಕೊಡುವ ಸನ್ನೆ 'ಝಿರ್ನಿ', ಹೆಚ್ಚಾಗಿ ತಂಬಾಕು ತನ್ನಿ ಎನ್ನುವಂಥ ಮಾಮೂಲಿ ಮಾತು. ಸಿಕ್ಕಿಬೀಳುವ ಪ್ರಯಾಣಿಕ 'ಬುನಿಜ್'. ವಾಣಿಜ್ಯದ ಕುಲದ ಪದ, ಅಂದರೆ ಸರಕು! ಇವರೆಲ್ಲರಿಗಿಂತ ಮೊದಲು ಬರುವವ 'ಸೋಥಾ'. ಅವನ ಕೈಯಲ್ಲಿ ಏನೂ ಇರುವುದಿಲ್ಲ. ಒಳ್ಳೆಯ ಬಟ್ಟೆ, ಮೆಲುದನಿ, ಎದುರಿನವನ ಊರು ಜಾತಿ ನೋಡಿ ಬದಲಾಗುವ ಮಾತು, ಇಷ್ಟೇ ಅವನ ಬಂಡವಾಳ. ಉಳಿದವರ ಕೆಲಸ ನಿಮಿಷಗಳದ್ದು, ಅವನದ್ದು ದಿನಗಟ್ಟಲೆಯದ್ದು. ಸೋಥಾ ಸೋತರೆ ಉಳಿದ ಹತ್ತು ಜನರೂ ಬರಿಗೈ.

1810ರ ಏಪ್ರಿಲ್ ತಿಂಗಳಲ್ಲಿ ಮೇಜರ್ ಜನರಲ್ ಸೇಂಟ್ ಲೆಜರ್ ರಜೆಯ ಮೇಲೆ ಊರಿಗೆ ಹೋಗುವ ಸಿಪಾಯಿಗಳಿಗಾಗಿ ಒಂದು ಆಜ್ಞೆ ಹೊರಡಿಸಿದ. ಸಂಬಳದ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಹೊರಟವರು ಊರು ಮುಟ್ಟುತ್ತಿರಲಿಲ್ಲ. ಊರಿನವರು ಪಲ್ಟನ್ನಿನಲ್ಲಿದ್ದಾನೆ ಅಂದುಕೊಳ್ಳುತ್ತಿದ್ದರು, ಪಲ್ಟನ್ನಿನವರು ಊರಿನಲ್ಲಿದ್ದಾನೆ ಅಂದುಕೊಳ್ಳುತ್ತಿದ್ದರು. ಆ ಆಜ್ಞೆ ಓದಿದರೆ ಇಂದಿನ ಸೈಬರ್ ಪೊಲೀಸರ ಪ್ರಕಟಣೆ ಓದಿದಂತಾಗುತ್ತದೆ. ಛತ್ರದಲ್ಲೋ ದಾರಿಯಲ್ಲೋ ಜೊತೆಯಾಗುತ್ತಾರೆ, ನಾವೂ ಆ ಊರಿಗೇ ಎನ್ನುತ್ತಾರೆ, ಬಳಸು ಮಾತಿನಲ್ಲಿ ನಿಮ್ಮ ವ್ಯವಹಾರ ತಿಳಿದುಕೊಳ್ಳುತ್ತಾರೆ. ಆಮೇಲೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎಬ್ಬಿಸಿ ಇನ್ನೇನು ಬೆಳಗಾಗುತ್ತದೆ ಎಂದು ಹೊರಡಿಸಿಬಿಡುತ್ತಾರೆ. ಗಡಿಯಾರವಿಲ್ಲದ ಕಾಲ. ಬಿಸಿಲೇರುವ ಮೊದಲು ನಾಲ್ಕು ಹರದಾರಿ ನಡೆದುಬಿಡಬೇಕು ಎನ್ನುವ ಆತುರ ದಾರಿಹೋಕನಿಗೆ ಇದ್ದೇ ಇರುತ್ತದೆ. ಅವನ ಕತ್ತಿ ಕಸಿಯಲಿಲ್ಲ, ಅವನಿಂದ ಮೂರು ಗಂಟೆ ಹೊತ್ತನ್ನು ಮುಚ್ಚಿಟ್ಟರು, ಅಷ್ಟೆ. ಹುಕ್ಕಾದಲ್ಲಿ ದತ್ತೂರಿ ಬೀಜ ಬೆರೆಸುವುದನ್ನೂ ಆಜ್ಞೆ ಹೇಳುತ್ತದೆ. ಪರಿಹಾರ? ನಗದು ಒಯ್ಯಬೇಡಿ, ಕಂಪನಿಯ ಖಜಾನೆಯ ಮೇಲೆ ಹುಂಡಿ, ಅಂದರೆ ಹಣ ಕೊಡಿಸುವ ಚೀಟಿ, ಬರೆಸಿಕೊಂಡು ಊರ ಹತ್ತಿರದ ಖಜಾನೆಯಲ್ಲಿ ದುಡ್ಡು ಮಾಡಿಕೊಳ್ಳಿ. ಅಪರಿಚಿತರ ಸಂಗ ಬೇಡ, ಬೆಳಕು ಹರಿಯದೆ ಛತ್ರ ಬಿಡಬೇಡಿ.

ಸ್ಲೀಮನ್ ಬರೆದಿಟ್ಟ ಒಂದು ಪ್ರಸಂಗ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಹೇಳಿದವನದ್ದೋ ಬರೆದವನದ್ದೋ ಉಪ್ಪು ಖಾರ ಸ್ವಲ್ಪ ಸೇರಿರಬಹುದು. ಪಂಜಾಬಿನಿಂದ ಅವಧಕ್ಕೆ ಹೊರಟ ಮೊಗಲ ಸರದಾರನೊಬ್ಬ ಮೀರತ್ ಬಳಿ ಗಡಮುಕ್ತೇಶ್ವರದ ಘಟ್ಟದಲ್ಲಿ ಗಂಗೆ ದಾಟಿದ. ಒಳ್ಳೆಯ ತುರ್ಕಿ ಕುದುರೆ, ಜೊತೆಗೆ ಒಬ್ಬ ಖಾನಸಾಮೆ, ಒಬ್ಬ ಕುದುರೆಯಾಳು. ಸಭ್ಯರಾಗಿ ಕಾಣುವ ಕೆಲವರು ಜೊತೆಯಾಗಲು ಬಂದರು, ಅವನು ಗದರಿಸಿ ಓಡಿಸಿದ. ಮರುದಿನ ಬೇರೆ ಉಡುಪಿನ, ತನ್ನದೇ ಮತದ ಇನ್ನೊಂದು ತಂಡ ಬಂದು ದಾರಿಯ ಭಯದ ಮಾತೆತ್ತಿತು. ಅವರನ್ನೂ ಅಟ್ಟಿದ. ಅಷ್ಟು ಹುಷಾರಿನ ಮನುಷ್ಯ. ಮುಂದೆ ಒಂದು ಬಯಲಿನಲ್ಲಿ ನಾಲ್ಕಾರು ಬಡ ಮುಸಲ್ಮಾನರು ಹೆಣದ ಪಕ್ಕ ಅಳುತ್ತ ಕೂತಿದ್ದರು. ಗುಂಡಿ ತೋಡಿ ಆಗಿದೆ, ನಮಗ್ಯಾರಿಗೂ ಕುರಾನ್ ಓದಲು ಬಾರದು, ಎರಡು ಮಾತು ಓದಿ ಪುಣ್ಯ ಕಟ್ಟಿಕೊಳ್ಳಿ ಎಂದರು. ಸರದಾರ ಇಳಿದ. ಪ್ರಾರ್ಥನೆಗೆ ಆಯುಧ ಸಲ್ಲದು, ಕತ್ತಿ ಪಿಸ್ತೂಲು ಬಿಚ್ಚಿ ಪಕ್ಕಕ್ಕಿಟ್ಟ. ಕೈಕಾಲು ತೊಳೆದು ಮೊಣಕಾಲೂರಿದ. ಆ ಗುಂಡಿ ಅವನಿಗೂ ಅವನ ಇಬ್ಬರು ಆಳುಗಳಿಗೂ ಆಯಿತು.

ಇಲ್ಲಿ ಗಮನಿಸಬೇಕಾದದ್ದು, ಮೊದಲ ಎರಡು ತಂಡಗಳೂ ವ್ಯರ್ಥವಾಗಲಿಲ್ಲ. ಜೊತೆ ಬೇಡುವವರನ್ನು ಇವನು ನಂಬುವುದಿಲ್ಲ ಎಂದು ಅವು ತಿಳಿಸಿಕೊಟ್ಟವು. ಆದ್ದರಿಂದ ಮೂರನೆಯವರು ಜೊತೆ ಬೇಡಲೇ ಇಲ್ಲ, ಕೂತಲ್ಲಿಂದ ಏಳಲೂ ಇಲ್ಲ. ಅವನೇ ಅವರ ಹತ್ತಿರ ನಡೆದು ಬರುವಂತೆ ಮಾಡಿದರು. ಸಂಶಯ ಎನ್ನುವ ಗುಣ ಅವನಲ್ಲಿ ಎಚ್ಚರವಾಗಿತ್ತು, ಧರ್ಮ ಎನ್ನುವ ಗುಣಕ್ಕೆ ಕಾವಲಿರಲಿಲ್ಲ.

ಇಂಗ್ಲಿಷಿನವರು ಕೊಂಡೊಯ್ದ ಅರ್ಧ

ಕಾನೂನಿಗೆ ಮಾತ್ರ ಈ ನಾಜೂಕು ಬೇಕಿರಲಿಲ್ಲ. 1836ರ 30ನೇ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಸೇರಿದ್ದ ಎಂದು ರುಜುವಾದರೆ ಸಾಕು, ಕಾಯ್ದೆ ಬರುವ ಮೊದಲು ಸೇರಿದ್ದರೂ ಸರಿ, ಜೀವಾವಧಿ ಕಠಿಣ ಸಜೆ. ಥಗ್ ಎಂದರೆ ಯಾರು ಎಂದು ಆ ಕಾಯ್ದೆ ಹೇಳಲೇ ಇಲ್ಲ. 1831ರಿಂದ 1837ರ ನಡುವೆ 3,266 ಜನರನ್ನು ಹಿಡಿದು 412 ಜನರನ್ನು ಗಲ್ಲಿಗೇರಿಸಿದರು. ಮಾಫಿ ಸಾಕ್ಷಿಗಳಾದವರ ಕತ್ತು ಉಳಿಯುವುದು ಅವರು ಎಷ್ಟು ಹೇಳುತ್ತಾರೆ ಎನ್ನುವುದರ ಮೇಲೆ ನಿಂತಿತ್ತು. ಕಾಳಿಯ ಭಕ್ತರ ರಹಸ್ಯ ಪಂಥ, ಹುಟ್ಟಾ ಕೊಲೆಗಾರರು ಎನ್ನುವ ಚಿತ್ರದಲ್ಲಿ ಎಷ್ಟು ಪಾಲು ಆ ಸಾಕ್ಷಿಗಳದ್ದು, ಎಷ್ಟು ಬರೆದುಕೊಂಡ ಸಾಹೇಬರದ್ದು ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಭಾಷೆಯ ಮಟ್ಟಿಗೆ ಆದದ್ದು ಸ್ಪಷ್ಟ. ಅಲ್ಲಿಯವರೆಗೆ ಯಾವ ಮೋಸಗಾರನಿಗೂ ಸಲ್ಲುತ್ತಿದ್ದ ಪದ ಒಂದು ಬಗೆಯ ಕೊಲೆಗಾರನಿಗೆ ಮೀಸಲಾಯಿತು.

ಅದನ್ನು ಲಂಡನ್ನಿನ ಮನೆಮನೆಗೆ ಮುಟ್ಟಿಸಿದವ ನಮಗೆ ಗೊತ್ತಿರುವವನೇ, ಸುರಪುರದ ಟೇಲರ್ ಮಂಜಿಲ್‌ನ ಫಿಲಿಪ್ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದಾಗ ಅವನು ಬರೆದ, ಥಗ್ಗನೊಬ್ಬ ತನ್ನ ಕಥೆ ತಾನೇ ಒಪ್ಪಿಕೊಳ್ಳುವ ಕಾದಂಬರಿ 1839ರಲ್ಲಿ ಬಂತು. ಅವನು ಸುರಪುರಕ್ಕೆ ಬಂದದ್ದು 1841ರಲ್ಲಿ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ ಎನ್ನುವುದು ಇನ್ನೊಂದು ಕಥೆ. ಕಾದಂಬರಿ ಬಂದ ಅದೇ 1839ರಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಗ್ಲಾಸ್ಗೊದ ಕಾರ್ಮಿಕರ ಹಿಂಸೆಗೆ 'ಗ್ಲಾಸ್ಗೊ ಥಗ್ಗರಿ' ಎಂದು ಬರೆದ. ಬಟ್ಟೆಗಿರಣಿಯ ಊರಿನಲ್ಲಿ ಯಾರು ಯಾರಿಗೆ ಛತ್ರದಲ್ಲಿ ಜೊತೆಯಾದರು? ಪದದಿಂದ ನಂಬಿಸುವ ಭಾಗ ಉದುರಿ ಹೊಡೆಯುವ ಭಾಗ ಮಾತ್ರ ಉಳಿದದ್ದು ಅಷ್ಟು ಬೇಗ.

ಭಾರತೀಯ ದಂಡ ಸಂಹಿತೆ ಈ ಸೀಳನ್ನು ಸೆಕ್ಷನ್ ನಂಬರ್ ಕೊಟ್ಟು ಪಕ್ಕಾ ಮಾಡಿತು. 310ನೇ ಸೆಕ್ಷನ್ನಿನಲ್ಲಿ ಥಗ್ ಯಾರು ಎಂದಿತ್ತು: ಕೊಲೆಯ ಮೂಲಕ ಅಥವಾ ಕೊಲೆಯ ಜೊತೆಗೆ ದರೋಡೆ ಇಲ್ಲವೇ ಮಕ್ಕಳ ಕಳವು ಮಾಡಲು ರೂಢಿಯಾಗಿ ಇತರರೊಡನೆ ಸೇರಿದವ. ಆ ವಾಕ್ಯದಲ್ಲಿ ಎಲ್ಲಿ ಹುಡುಕಿದರೂ ಮೋಸ ಎನ್ನುವ ಮಾತಿಲ್ಲ. ಮೋಸಕ್ಕೆ ಬೇರೆ ಮನೆ ಕಟ್ಟಿಕೊಟ್ಟರು, 415ರಿಂದ 420. ಹೀಗಾಗಿ ಕನ್ನಡದ ಠಕ್ಕ ಯಾವತ್ತೂ 'ಫೋರ್ ಟ್ವೆಂಟಿ'ಯೇ ಹೊರತು 310ರವನಲ್ಲ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಥಗ್ಗನ ಸೆಕ್ಷನ್‌ಗಳನ್ನು ಕೈಬಿಟ್ಟರು. 420 ಮಾತ್ರ 318 ಆಗಿ ಮುಂದುವರಿದಿದೆ, ಸೋಗು ಹಾಕಿ ವಂಚಿಸುವುದು 319. ಬಲದ ಥಗ್ ಕಾನೂನಿನಿಂದ ಹೊರಗೆ ಹೋದ, ಯುಕ್ತಿಯ ಠಕ್ಕ ಒಳಗೇ ಇದ್ದಾನೆ. ಬೈಗುಳವಾಗಿ 318 ಬಾಯಿಗೆ ಬರಲು ಎಷ್ಟು ವರ್ಷ ಬೇಕೋ, ನಾಲಿಗೆಗೆ ಅದು ಅಷ್ಟೇನೂ ಹಿತವಾಗಿಲ್ಲ.

ಪೊಟ್ಟಣ

ಡಿಜಿಟಲ್ ಅರೆಸ್ಟ್ ಎನ್ನುವುದನ್ನು ಈ ಹಳೆಯ ಪದಗಳಲ್ಲೇ ವಿವರಿಸಬಹುದು. ಕೊರಿಯರ್ ಕಂಪನಿಯವನಾಗಿ ಮೊದಲು ಮಾತಾಡುವವ ಸೋಥಾ: ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ. ಅವನು ದುಡ್ಡು ಕೇಳುವುದಿಲ್ಲ, ಬದಲಿಗೆ ಸಹಾಯ ಮಾಡುತ್ತಾನೆ, ಪೊಲೀಸರಿಗೆ ಲೈನ್ ಕೊಡುತ್ತಾನೆ. ಆಮೇಲೆ ವಿಡಿಯೋದಲ್ಲಿ ಸಮವಸ್ತ್ರ, ಹಿಂದೆ ಲಾಂಛನ. ಕ್ಯಾಮೆರಾ ಆರಿಸಬೇಡಿ, ಮನೆಯವರಿಗೆ ಹೇಳಬೇಡಿ, ನಿಮ್ಮ ಖಾತೆಗಳು ಸ್ಥಗಿತಗೊಳ್ಳಲಿವೆ, ಪರಿಶೀಲನೆಗಾಗಿ ಹಣವನ್ನು ಈ ಖಾತೆಗೆ ಹಾಕಿ, ವಾಪಸ್ ಬರುತ್ತದೆ. ನಡುರಾತ್ರಿ ಛತ್ರ ಬಿಡಿಸುವುದೆಂದರೆ ಇದೇ. 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಪ್ರಧಾನಿ ಹೇಳಿದ್ದೂ ತಡೆಯಿರಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ ಎಂದು. ಬೆಳಕು ಹರಿಯಲಿ ಎನ್ನುವುದರ ಹೊಸ ರೂಪ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು ಮೊದಲ ಗಂಟೆಯಲ್ಲೇ ಆಗಬೇಕು, ಏಕೆಂದರೆ ಅದು ಬಾಡಿಗೆ ಖಾತೆಗಳಲ್ಲಿ ಕವಲೊಡೆದು ಹರಿದುಹೋದ ಮೇಲೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ.

ಆದರೆ ಠಕ್ಕನ ಬೇರು ಕಣ್ಣಿಗೆ ಕಾಣುವಂತೆ ಉಳಿದಿರುವುದು ಹಳೆಯ ಸರದ ಆಟದಲ್ಲಿ. ಬೆಳಗಿನ ಹೊತ್ತು, ಒಂಟಿ ಹೆಂಗಸು, ತರಕಾರಿ ಚೀಲ ಅಥವಾ ದೇವಸ್ಥಾನದ ಬುಟ್ಟಿ. ಒಂದು ಕೈ ಮೊದಲೇ ತುಂಬಿರುವುದು ಮುಖ್ಯ. ಬೈಕಿನ ಪಕ್ಕ ನಿಂತ ಇಬ್ಬರಲ್ಲಿ ಒಬ್ಬ 'ಅಮ್ಮಾ, ಪೊಲೀಸ್, ಮುಂದಿನ ಬೀದಿಯಲ್ಲಿ ನಿನ್ನೆ ಕೊಲೆಯಾಗಿದೆ, ಹೀಗೆ ಚಿನ್ನ ಹಾಕ್ಕೊಂಡು ಓಡಾಡಬೇಡಿ' ಎನ್ನುತ್ತಾನೆ. ಕಾಳಜಿಯ ದನಿ, ಸ್ವಲ್ಪ ಗದರಿಕೆ. ಇಷ್ಟಕ್ಕೆ ಯಾರೂ ಸರ ಬಿಚ್ಚುವುದಿಲ್ಲ. ಬಿಚ್ಚಿಸುವವ ಮೂರನೆಯವನು, ದಾರಿಹೋಕನಂತೆ ಬರುವವ. ಅವನನ್ನೂ ತಡೆದು ಗದರುತ್ತಾರೆ, ಅವನು ಮರುಮಾತಾಡದೆ ತನ್ನ ಉಂಗುರ ಬಿಚ್ಚಿ ಕೊಡುತ್ತಾನೆ, ಅವರು ಕಾಗದದಲ್ಲಿ ಸುತ್ತಿ ಮರಳಿ ಕೊಡುತ್ತಾರೆ, ಅವನು 'ಥ್ಯಾಂಕ್ಸ್ ಸರ್' ಎಂದು ನಡೆದುಬಿಡುತ್ತಾನೆ. ಈಗ ಅದು ಊರಿಗೆಲ್ಲ ಇರುವ ನಿಯಮವಾಯಿತು. ಸರ ಬಿಚ್ಚಿ, ಕಾಗದದ ಮೇಲೆ ಇಟ್ಟು, ಅವಳ ಕಣ್ಣೆದುರೇ ಮಡಚುತ್ತಾರೆ. 'ಬಳೆಯನ್ನೂ ತೆಗೀರಮ್ಮ' ಎನ್ನುವ ಮಾತಿಗೆ ಅವಳು ಕೈ ನೋಡಿಕೊಳ್ಳುವಷ್ಟರಲ್ಲಿ ಪೊಟ್ಟಣ ಬದಲಾಗಿರುತ್ತದೆ. ಇನ್ನೊಂದರಲ್ಲಿ ಸರದಷ್ಟೇ ತೂಗುವ ಕಲ್ಲು. ಅದನ್ನು ಚೀಲದ ತಳಕ್ಕೆ, ತರಕಾರಿಯ ಅಡಿಗೆ ತಾವೇ ತಳ್ಳಿ, ಮನೆಗೆ ಹೋಗಿ ಬಿಚ್ಚಿ ಎನ್ನುತ್ತಾರೆ. ಕಾಗದಕ್ಕೆ ನಾಲ್ಕು ಸುತ್ತು, ದಾರ ಬಿಗಿ. ಬಿಚ್ಚಲು ಹಿಡಿಯುವ ಹೊತ್ತೇ ಅವರ ಲಾಭ.

ಆಟ ಕೆಡುವುದು ಎರಡು ಕಡೆ. ಕೊಕ್ಕೆ ಸವೆದು ಸರ ಬಿಚ್ಚಲು ಬಾರದಿದ್ದರೆ, ಅಥವಾ ಅಜ್ಜಿ ಜಾಗ ಬದಲಿಸಿಬಿಟ್ಟರೆ. 'ಅಯ್ಯೋ ಅಷ್ಟೇ ತಾನೆ ಸಾಮಿ, ಮನೆ ಇಲ್ಲೇ ಪಕ್ಕದ ಸಂದಿ, ನೀವೂ ಬನ್ನಿ, ಸೊಸೆ ಕೈಗೆ ಕೊಟ್ಟು ನಿಮಗೆ ಒಂದು ಲೋಟ ಕಾಫಿ ಕೊಡ್ತೀನಿ.' ಇದಕ್ಕೆ ಅವರ ಹತ್ತಿರ ಉತ್ತರವಿಲ್ಲ. ಬೈಕು ಸ್ಟಾರ್ಟ್ ಆಗುತ್ತದೆ, ದಾರಿಹೋಕನೂ ಹಿಂದೆ ಹತ್ತಿ ಕೂರುತ್ತಾನೆ.